ದ್ರಾಕ್ಷಿ ಎಲೆಯಲ್ಲಿ ಶೀನ ಪೂಜಾರಿಗೆ ಬಡಿಸಿದ್ದು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಾತು ತಪ್ಪಿದ್ದರೆ ಕ್ಷಮಿಸಿ. ಇದು ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ಅಡುಗೆಯ ವಸಂತಿಯಕ್ಕನ ಕತೆ. ಅವಳು ಹೇಳಿದ್ದಕ್ಕಿಂತ ಹೆಚ್ಚು ಸೇರಿಸಿಲ್ಲ.

ವಸಂತಿಯ ಗಂಡ ಶೀನ ಪೂಜಾರಿ ಕಾರ್ಕಳದ ಕಡೆ ತಾಳೆಮರದಿಂದ ಕಳ್ಳು ಇಳಿಸುತ್ತಿದ್ದವನು. ಮಾರ್ಚ್‌ನಲ್ಲಿ ಅವನು ತೀರಿಕೊಂಡ ದಿನ ಯಜಮಾನರ ಮಗಳು ತೃಷಾಳ ಹುಟ್ಟುಹಬ್ಬ. ಚಿತೆಗೆ ಬೆಂಕಿ ಇಡುವುದನ್ನು ವಸಂತಿ ಮೊಬೈಲಿನಲ್ಲಿ ನೋಡಿ, ಮುಖ ತೊಳೆದುಕೊಂಡು, ಬಂದವರಿಗೆಲ್ಲ ಬಿರಿಯಾನಿ ಬಡಿಸಿದಳು.

ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಅಗೆಲು ಬಡಿಸುತ್ತಾರೆ. ಎಲೆಯಲ್ಲಿ ಅನ್ನ, ಕೋಳಿ, ಪಕ್ಕದಲ್ಲಿ ಒಂದು ಲೋಟ ಕಳ್ಳು ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾರೆ. ಮೊದಲ ವರ್ಷವೇ ತಪ್ಪಿದರೆ ಸತ್ತವನು ಹಸಿದುಕೊಂಡು ಅಂಗಳದಲ್ಲೇ ನಿಲ್ಲುತ್ತಾನೆಂದು ವಸಂತಿಯ ನಂಬಿಕೆ. ಅದಕ್ಕೇ ಜುಲೈಯಲ್ಲಿ ಊರಿಗೆ ಹೋಗಲು ರಜೆ ಕೇಳಿದಳು.

"ಎಂತ ವಸಂತಕ್ಕ, ಜುಲೈಯಲ್ಲಿ ನಮಗೆ ಫ್ರಾನ್ಸಿಗೆ ಟೂರ್ ಉಂಟಲ್ಲ, ನಿಮ್ಮ ವೀಸಾ ಸಹ ಆಗಿದೆ," ಎಂದಳು ಯಜಮಾನಿ ಶರ್ಮಿಳಾ. "ಇವರಿಗೆ ಮೂರು ಹೊತ್ತೂ ಬ್ರೆಡ್ ತಿಂದು ಆಗ್ಲಿಕ್ಕಿಲ್ಲ. ನೀವು ಅಲ್ಲೇ ಬಡಿಸಿ."

ಅವಳ ಗಂಡ ಲತೇಶ್ ಸೋಫಾದಿಂದಲೇ ನಕ್ಕ. "ಶೀನಣ್ಣನಿಗೆ ವೀಸಾ ಬೇಡ ಮಾರಾಯ್ತಿ. ಟಿಕೆಟೂ ಬೇಡ."

ಫ್ರಾನ್ಸಿನಲ್ಲಿ ಅವರು ಬಾಡಿಗೆಗೆ ಹಿಡಿದದ್ದು ದ್ರಾಕ್ಷಿ ತೋಟದ ನಡುವಿನ ಕಲ್ಲಿನ ಮನೆ. ರುವೈಸ್ ಪಟ್ಟಣದಲ್ಲಿದ್ದ ಲತೇಶನ ಗೆಳೆಯ ತಿಲಕ್ ಕೂಡ ಜೊತೆಗಿದ್ದ. ದಿನವಿಡೀ ಒಂದೊಂದು ಹಳ್ಳಿಯಲ್ಲಿ ವೈನ್ ಕುಡಿದು, ಬಾತುಕೋಳಿಯ ಕಾಲು ತಿಂದು, ಸಂಜೆ ಮತ್ತೆ ಅಂಗಳದಲ್ಲಿ ಬಾಟಲಿ ತೆರೆಯುತ್ತಿದ್ದರು. ಲತೇಶ್ ಗ್ಲಾಸನ್ನು ಓರೆ ಮಾಡಿ ಮೂಸಿ, "ಇದಕ್ಕೆ ಮಳೆ ಬಿದ್ದ ಮಣ್ಣಿನ ವಾಸನೆ ಉಂಟು," ಎನ್ನುವನು. "ಮೂಗು ತೊಳ್ಕೊ ಮೊದಲು," ಎನ್ನುವನು ತಿಲಕ್. ನಾರುವ ಚೀಸ್ ತಿಂದು ಕೆಟ್ಟ ಹೊಟ್ಟೆಗಳಿಗೆ ವಸಂತಿ ಗಂಜಿ ಬೇಯಿಸುವಳು.

ಒಂದು ಭಾನುವಾರ ಅವಳು ಹೆದರುತ್ತಲೇ ಒಂದು ಲೋಟ ವೈನ್ ಕೇಳಿದಳು.

"ಶೀನಣ್ಣನಿಗಾ? ಕೆಂಪಾ, ಬಿಳಿಯಾ?" ಎಂದ ಲತೇಶ್.

"ಯಾವುದಾದ್ರೂ ಆದೀತು ಅಣ್ಣ. ಮರದ್ದು ಸಿಗದಿದ್ರೆ ಬಳ್ಳಿಯದ್ದು."

ಬಾಳೆ ಎಲೆ ಸಿಗುವ ಊರಲ್ಲ. ವಸಂತಿ ಅಗಲವಾದ ದ್ರಾಕ್ಷಿ ಎಲೆಗಳನ್ನು ಆಯ್ದು, ಕಡ್ಡಿ ಚುಚ್ಚಿ ಒಂದಕ್ಕೊಂದು ಜೋಡಿಸಿದಳು. ಅಗೆಲಿನ ಅಡುಗೆಯನ್ನು ಬಡಿಸುವ ಮೊದಲು ಯಾರೂ ನಾಲಗೆಗೆ ಇಡುವಂತಿಲ್ಲ, ಆದ್ದರಿಂದ ಉಪ್ಪು ನೋಡದೆಯೇ ಕೋಳಿ ಇಳಿಸಿದಳು. ತೋಟದ ಬದಿಯ ಕೋಣೆಯಲ್ಲಿ ದೀಪ ಹಚ್ಚಿ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕುಳಿತಳು.

ಬಾಗಿಲು ತೆರೆದಾಗ ಗ್ಲಾಸು ಖಾಲಿ. ಎಲೆಯ ಮೇಲೆ ಮಾಂಸವಿಲ್ಲದ ಎಲುಬು.

ಹುಟ್ಟಿದಾಗಿನಿಂದ ಎಷ್ಟೋ ಅಗೆಲು ಕಂಡವಳು. ಬಡಿಸಿದ್ದು ಬಡಿಸಿದ ಹಾಗೇ ಇರುತ್ತದೆ, ಆಮೇಲೆ ಮನೆಯವರು ಉಣ್ಣುತ್ತಾರೆ. ವಸಂತಿ ಕೈಮುಗಿದಳು. ಎಲೆಯ ಮುಂದೆ ಕುಳಿತಳು.

"ಬಂದ್ರಾ? ಇಷ್ಟು ದೂರ ಹೇಗೆ ಬಂದ್ರಿ? ಹೊಟ್ಟೆ ತುಂಬಿತಾ? ಬೆಂಕಿ ಇಡುವಾಗ ನಾನು ಇರ್ಲಿಲ್ಲ, ಬೇಜಾರು ಮಾಡ್ಬೇಡಿ."

ತಿರುಗಿದಾಗ ಲತೇಶ್ ಮೊಬೈಲ್ ಹಿಡಿದು ಗಂಭೀರವಾಗಿ ನಿಂತಿದ್ದ. ಶರ್ಮಿಳಾ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ವಸಂತಿ ತಿಳಿದಳು.

ಊರಿನಲ್ಲಿ ಮೈದುನ ಆಟಿಯ ಕೊನೆಯ ಭಾನುವಾರದ ಅಗೆಲಿಗೆಂದು ಹುಂಜ ತಂದಿಟ್ಟಿದ್ದ. ವಸಂತಿ ಅವನಿಗೆ ಫೋನ್ ಮಾಡಿದಳು. "ಹುಂಜ ಕೊಯ್ಯಬೇಡ. ಅವರು ಇಲ್ಲಿಗೇ ಬಂದು ಉಂಡಿದ್ದಾರೆ. ಉಂಡವರನ್ನು ಮತ್ತೆ ಕರೆದ್ರೆ ಕೋಪ ಬಂದೀತು."

ಅಬುಧಾಬಿಗೆ ಮರಳುವಷ್ಟರಲ್ಲಿ ಆಟಿ ಮುಗಿದು ಸೋಣ ತಿಂಗಳು ಹುಟ್ಟಿತ್ತು. ವಸಂತಿ ಹಾಡು ಗುನುಗುತ್ತಾ ದೋಸೆ ಹೊಯ್ಯುತ್ತಿದ್ದಳು.

"ಆಂಟಿ, ಯು ಆರ್ ಫೇಮಸ್!" ಎಂದು ತೃಷಾ ಮೊಬೈಲ್ ಹಿಡಿದಳು.

ವಿಡಿಯೋದಲ್ಲಿ ಲತೇಶ್ ಕಿಟಕಿ ಹತ್ತಿ ಆ ಕೋಣೆಗೆ ಇಳಿಯುತ್ತಿದ್ದ. ಕೋಳಿ ಕಚ್ಚಿದ, ಗ್ಲಾಸು ಬರಿದು ಮಾಡಿದ. "ಥೂ, ಉಪ್ಪೇ ಇಲ್ಲ ಮಾರಾಯ. ಭೂತ ಸಹ ತಿನ್ಲಿಕ್ಕಿಲ್ಲ." ಕಿಟಕಿಯಾಚೆ ತಿಲಕನ ನಗು. ಆಮೇಲೆ ಅವಳದೇ ದನಿ: "ಹೊಟ್ಟೆ ತುಂಬಿತಾ?"

ಕಾವಲಿಯ ಮೇಲೆ ದೋಸೆ ಸೀದುಹೋಯಿತು.

"ಸುಮ್ನೆ ತಮಾಷೆಗೆ," ಎಂದ ಲತೇಶ್. "ಎಷ್ಟು ಖುಷಿಯಲ್ಲಿದ್ರಿ ಗೊತ್ತುಂಟಾ? ನೀವು ನನಗೆ ಥ್ಯಾಂಕ್ಸ್ ಹೇಳ್ಬೇಕು."

"ಖಲಾಸ್, ಬಿಡಿ ವಸಂತಕ್ಕ. ಸತ್ತವರಿಗೆ ಎಂತ ಹಸಿವು?" ಎನ್ನುತ್ತಾ ಶರ್ಮಿಳಾ ಗೋಡೆಯ ಮೇಲಿದ್ದ ಮಾವ ಧರ್ಮಪಾಲರ ಫೋಟೋದ ಹಾರ ಸರಿಪಡಿಸಿದಳು. "ನಮ್ಮ ಮನೆಯ ಕ್ರಮದಲ್ಲಿ ದೀಪಾವಳಿಗೆ ಮಾವನಿಗೆ ಅಗೆಲು ಉಂಟು. ಊರಿಂದ ಬಾಳೆ ಎಲೆ ತರಿಸ್ಲಿಕ್ಕೆ ನೆನಪು ಮಾಡಿ, ಆಯ್ತಾ?"

ವಸಂತಿ ಸೀದ ದೋಸೆಯನ್ನು ಕೆರೆದು ತೆಗೆದಳು. ಮೈದುನ ಆ ಹುಂಜವನ್ನು ಮಾರಿಯಾಗಿತ್ತು. ಬೇಡವೆಂದವಳು ಅವಳೇ. ಇನ್ನು ಮುಂದಿನ ಆಟಿಯವರೆಗೆ ಶೀನ ಪೂಜಾರಿ ಹಸಿದು ನಿಲ್ಲಬೇಕು.

ನಾಳೆ ಬೆಳಿಗ್ಗೆ ತೃಷಾಳ ಟಿಫಿನ್ ಕಟ್ಟಿಕೊಟ್ಟ ಮೇಲೆ ವಸಂತಿ ಊರಿಗೆ ಹೊರಡಲು, ಯಜಮಾನರ ಬಳಿಯಿರುವ ತನ್ನ ಪಾಸ್‌ಪೋರ್ಟ್ ಕೇಳುತ್ತಾಳೆ. ಧರ್ಮಪಾಲರ ಎಲೆಗೆ ಅವಳು ಬಡಿಸುವುದಿಲ್ಲ.