ಧಬಧಬಿ ಬಿದ್ದ ದಿನ

ನಿಮ್ಮ ಮನೆಯಲ್ಲೂ ಜೂನ್ ಒಂದರಂದು ಹುಟ್ಟಿದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಿಗೆ ತಾರೀಖು ಗೊತ್ತಿಲ್ಲ, ಎದುರಿಗೆ ಕೂತ ಮಾಸ್ತರರಿಗೆ ತಾಳ್ಮೆಯಿಲ್ಲ. ಆ ಎರಡು 'ಇಲ್ಲ'ಗಳ ನಡುವೆ ನಮ್ಮ ಕಡೆಯ ಒಂದಿಡೀ ಪೀಳಿಗೆ ಒಂದೇ ದಿನ ಹುಟ್ಟಿಬಿಟ್ಟಿತು. ನಾನೂ ಅವರಲ್ಲೊಬ್ಬಳು. ಹೀಗಾಗಿ ಈ ವರ್ಷದ ಜೂನ್ ಒಂದರ ಬೆಳಗ್ಗೆ ಹುಮನಾಬಾದಿನ ನನ್ನ ಅಡಿಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ, ಫೋನು ಬಿಡುವಿಲ್ಲದೆ ಗುರುಗುಟ್ಟುತ್ತಿತ್ತು. ಅರವತ್ತರ ಶುಭಾಶಯ ಹೇಳಿದವರಲ್ಲಿ ಬ್ಯಾಂಕಿನವರಿದ್ದರು, ವಿಮೆಯವರಿದ್ದರು, ಎಂದೋ ಒಮ್ಮೆ ಚಪ್ಪಲಿ ಕೊಂಡ ಅಂಗಡಿಯವರೂ ಇದ್ದರು. ನನ್ನನ್ನು ಹೆತ್ತವಳು ಮಾತ್ರ ಅಲ್ಲೇ ಕೂತು ಮೆಂತ್ಯಸೊಪ್ಪು ಸೋಸುತ್ತ, "ಯಾಕ ಹಿಂಗ ಒದರಾಕತ್ತದ ಇದು? ಬಾಯಿ ಮುಚ್ಚಸು ಅದರ್ದು" ಎಂದಳು.

"ನನ್ನ ಹುಟ್ಟಿದ ದಿನ ಅಂತವ್ವಾ" ಎಂದರೆ ಆಕೆ ತಲೆ ಎತ್ತಲಿಲ್ಲ. "ಬ್ಯಾಸಗ್ಯಾಗ ಎಲ್ಲಿ ಹುಟ್ಟೀದಿ? ಧಬಧಬಿ ಬೀಳಾಕತ್ತಿತ್ತು ಆವತ್ತ."

ಧಬಧಬಿ ಎಂದರೆ ಏನೆಂದು ನಿಮಗೆ ಹೇಳಬೇಕು. ಪುಸ್ತಕದವರು ಅದನ್ನು ಜಲಪಾತ ಎನ್ನುತ್ತಾರೆ. ಆ ಮಾತಿನಲ್ಲಿ ನೀರಿದೆ, ಪತನವಿದೆ, ಆದರೆ ಸದ್ದಿಲ್ಲ; ದೂರದಲ್ಲಿ ನಿಂತು ಕಣ್ಣಿನಿಂದ ನೋಡಿದವರು ಇಟ್ಟ ಹೆಸರು ಅದು. ಮರಾಠಿಯನ್ನು ನೆರೆಗೆ ಇಟ್ಟುಕೊಂಡ ನಮ್ಮ ಬಸವಕಲ್ಯಾಣದ ಕಡೆಯವರು ಕಿವಿಯಿಂದ ಹೆಸರಿಟ್ಟರು. ಮೋರಖಂಡಿಯ ಆಚೆಗಿರುವ ನಮ್ಮೂರಿನ ಗುಡ್ಡದಲ್ಲಿ ಅಂಥದೊಂದು ಧಬಧಬಿ ಇದೆ. ವರ್ಷದ ಹೆಚ್ಚಿನ ಕಾಲ ಅದು ಬರೀ ಬಂಡೆ. ಒಳ್ಳೆಯ ಮಳೆ ಹಿಡಿದರೆ ಮಾತ್ರ ನಾಲ್ಕು ದಿನ ನೀರು. ಅಂದರೆ ನನ್ನ ಜನ್ಮದಿನ ಪಂಚಾಂಗದಲ್ಲಿಲ್ಲ, ಮೋಡದಲ್ಲಿದೆ.

ಇನ್ನೊಂದು ತಮಾಷೆ ಕೇಳಿ. ನಾನು ನರ್ಸು. ವೃತ್ತಿಯುದ್ದಕ್ಕೂ ಹೆರಿಗೆ ಮಾಡಿಸಿದವಳು. ಕೂಸು ಹೊರಬಿದ್ದ ಗಳಿಗೆಯನ್ನು ಗಡಿಯಾರ ನೋಡಿ ಬರೆದಿಟ್ಟವಳು. ಸಂತೆಯಲ್ಲಿ ಸಿಕ್ಕವರು ಇಂದಿಗೂ, "ಸಿಸ್ಟರ್ ಬಾಯಿ, ನಮ್ಮ ಹುಡುಗ ಎಷ್ಟ್ಗಂಟಿಗಿ ಹುಟ್ಯಾನ್ರಿ?" ಎಂದು ಜಾತಕಕ್ಕಾಗಿ ಕೇಳುತ್ತಾರೆ. ಅಂಥವಳಿಗೆ ತನ್ನದೇ ದಿನ ಗೊತ್ತಿಲ್ಲ! ಗೊತ್ತಿಲ್ಲದ್ದಕ್ಕೆ ನನಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಬೇರೆಯದಕ್ಕೆ. 'ಧಬಧಬಿ ಬೀಳಾಕತ್ತಿತ್ತು' ಎಂಬುದರಾಚೆ ಅವ್ವ ಒಂದು ಮಾತನ್ನೂ ಆಡಿದವಳಲ್ಲ. ಅಕ್ಕಂದಿರು ಮೂವರ ಹುಟ್ಟಿನ ಕಥೆಗಳನ್ನು ನಗುನಗುತ್ತ ಹೇಳುವಾಕೆ, ನನ್ನದು ಬಂತೆಂದರೆ ಎಮ್ಮೆಗೆ ನೀರಿಡುವ ನೆಪ ಮಾಡಿ ಎದ್ದುಬಿಡುತ್ತಿದ್ದಳು. ಮೂರು ಹೆಣ್ಣಿನ ಮೇಲೆ ನಾಲ್ಕನೆಯ ಹೆಣ್ಣು ನಾನು. 'ಹೆಣ್ಣಮ್ಮಾ' ಎಂದು ನಾನು ಹೇಳಿದಾಗ ಗೋಡೆಯ ಕಡೆಗೆ ಹೊರಳಿದ ಎಷ್ಟೋ ಬಾಣಂತಿಯರ ಮುಖ ಕಂಡಿದ್ದೇನೆ. ನನ್ನವ್ವನೂ ಹಾಗೆಯೇ ಹೊರಳಿದ್ದಳೇ? ಅರವತ್ತಾದರೂ ಈ ಪ್ರಶ್ನೆ ಎದೆಯೊಳಗೆ ಕೂತಿತ್ತು, ನೋಡಿ. ಕೇಳಲು ಧೈರ್ಯ ಬಂದಿರಲಿಲ್ಲ.

ಶ್ರಾವಣದಲ್ಲಿ ಮಳೆ ಹಿಡಿಯಿತು; ಹಿಡಿದದ್ದು ಬಿಡಲಿಲ್ಲ. ಒಂದು ಬೆಳಗ್ಗೆ ಊರಿನಿಂದ ನನ್ನ ಕಾಕಾನ ಮಗನ ಫೋನು: "ಅಕ್ಕಾ, ಧಬಧಬಿ ಬಿದ್ದದ. ಗುಡಿತನಕ ಸಪ್ಪಳ ಕೇಳಸಾಕತ್ತದ." ನಾನು ಅವ್ವನ ಮುಖ ನೋಡಿದೆ. "ಹಂಗಂದ್ರ ಇವತ್ತೇ ನಿನಗ ಅರವತ್ತು," ಎಂದು ಆಕೆ ಸೀರೆ ಬದಲಿಸಲು ಎದ್ದಳು.

ಬಸವಕಲ್ಯಾಣದವರೆಗೆ ಬಸ್ಸು, ಅಲ್ಲಿಂದ ಊರಿನತನಕ ಆಟೋ, ಮುಂದೆ ಕಾಲು. ಎಂಬತ್ತೈದು ದಾಟಿದ ಅವ್ವನನ್ನು ಗುಡ್ಡ ಹತ್ತಿಸುವುದೆಂದು ನಾನು ಬಿಪಿ ಗುಳಿಗೆ, ಗ್ಲೂಕೋಸು, ಬ್ಯಾಂಡೇಜು ಎಲ್ಲ ಚೀಲದಲ್ಲಿ ತುಂಬಿಕೊಂಡು, ಹೊಸ ಬೂಟು ಹಾಕಿಕೊಂಡು ಹೊರಟಿದ್ದೆ. ನಡೆದದ್ದು ತಿರುಗುಮುರುಗು. ಕಪ್ಪು ಮಣ್ಣು ಬೂಟಿಗೆ ಮೆತ್ತಿ ಮೆತ್ತಿ ಒಂದೊಂದು ಕಾಲೂ ಬೀಸುಕಲ್ಲಾಯಿತು. ಅವ್ವ ಚಪ್ಪಲಿ ಕಳಚಿ ಬಗಲಲ್ಲಿ ಹಿಡಿದು, ಕೋಲೂರಿ, ತೊಗರಿಯ ಸಾಲಿನ ಅಂಚಿಗೆ ಹುಲ್ಲಿನ ಮೇಲೆ ಹೆಜ್ಜೆಯಿಡುತ್ತ ಮುಂದೆ ಹೋದಳು. ನಡುನಡುವೆ ನಿಂತು, "ಬೂಟ್ ಛಂದ ಅವ. ನೀನಽ ಸರಿ ಇಲ್ಲ" ಎಂದು ನಗುತ್ತಿದ್ದಳು. ಹೊಲ ಮುಗಿದು ಕೆಂಗಲ್ಲಿನ ಏರು ಶುರುವಾದಾಗ ಆಕೆಯ ನಗು ನಿಂತಿತು, ಮಾತೂ ನಿಂತಿತು. ದಣಿವೆಂದುಕೊಂಡು ನಾಡಿ ಹಿಡಿಯಲು ಹೋದರೆ ಕೈ ಕೊಸರಿಕೊಂಡಳು.

ಸದ್ದು ಮೊದಲು ಅಂಗಾಲಿಗೆ ತಿಳಿಯಿತು, ಆಮೇಲೆ ಕಿವಿಗೆ. ತಿರುವು ದಾಟಿದೆವು. ಅಬ್ಬಾ! ಏನು ಹೇಳಲಿ ನಿಮಗೆ? ಮೇಲಿನ ಬಯಲಿನ ನೂರಾರು ಹೊಲಗಳ ಬದುಗಳಿಂದ ಒಸರಿ, ಹರಿದು, ಕೂಡಿ ಬಂದ ನೀರು ಹಾಲು ಹಾಕಿದ ಚಹಾದ ಬಣ್ಣದಲ್ಲಿ ಬಂಡೆಯ ತುದಿಗೆ ಬಂದು, ಅಲ್ಲಿ ಒಂದು ಗಳಿಗೆ ತಡೆದಂತೆ ಕಂಡು, ಇಡಿಯಾಗಿ ಬೀಳುತ್ತಿತ್ತು. ಬೇಸಿಗೆಯಲ್ಲಿ ಹಲ್ಲಿಗಳು ಬಿಸಿಲು ಕಾಯುವ ಬಂಡೆ ಇದೇನೇ? ಹನಿಗಾಳಿ ಮುಖಕ್ಕೆ ರಪ್ಪೆಂದು ಬಡಿಯಿತು, ಕನ್ನಡಕ ಕುರುಡಾಯಿತು. ನಾನು "ಅವ್ವಾ!" ಎಂದು ಕೂಗಿದೆ. ನನ್ನ ಗಂಟಲು ನಡುಗಿದ್ದು ಗೊತ್ತಾಯಿತು, ದನಿ ನನಗೇ ಕೇಳಲಿಲ್ಲ. ಮನುಷ್ಯ ಎಷ್ಟು ಸಣ್ಣವನೆಂಬುದನ್ನು ಬಹಳ ಸಲ ಓದಿದ್ದೇನೆ. ಆವತ್ತು ಮೈಗೆ ತಿಳಿಯಿತು. ವಿಚಿತ್ರವೆಂದರೆ ಅದರಿಂದ ಭಯವಾಗಲಿಲ್ಲ, ಸುಖವಾಯಿತು. ಕೈಗಳು ತಾವಾಗಿ ಕೂಡಿಕೊಂಡವು.

ಪಕ್ಕದಲ್ಲಿ ಅವ್ವ ನೀರನ್ನು ನೋಡುತ್ತಿರಲಿಲ್ಲ. ನೀರಿನ ಮಗ್ಗುಲಲ್ಲಿ ಚಾಚಿಕೊಂಡಿದ್ದ ಬಂಡೆಯೊಂದರ ಕೆಳಗಿನ ಕತ್ತಲನ್ನು ನೋಡುತ್ತಿದ್ದಳು. ಆಕೆಯ ತುಟಿ ಅಲುಗುತ್ತಿತ್ತು. ನನಗೇನೂ ಕೇಳಿಸದೆಂದು ತಿಳಿದು, ರಟ್ಟೆ ಹಿಡಿದು ತಿರುವಿನ ಈಚೆಗೆ ಎಳೆದು ತಂದಳು. ಅಲ್ಲಿ ಗುಡ್ಡ ಅಡ್ಡ ನಿಂತು ಮಾತು ಕೇಳುವಷ್ಟಾಯಿತು. ಏದುಸಿರಿನಲ್ಲೇ ನನ್ನ ಪ್ರಶ್ನೆ ಹೊರಬಿದ್ದುಬಿಟ್ಟಿತು.

"ಅವ್ವಾ, ನಾ ಹೆಣ್ಣು ಹುಟ್ಟೀನಂತ ಆವತ್ತ ನಿನಗ ಬ್ಯಾಸರ ಆಗಿತ್ತೇನು?"

"ಯಾರಂದ್ರು ಹಂಗ?"

"ಯಾರೂ ಅಂದಿಲ್ಲ. ನೀನೂ ಏನೂ ಅಂದಿಲ್ಲಲ್ಲ."

ಅವ್ವ ಕಲ್ಲಿನ ಮೇಲೆ ಕೂತಳು. "ಹುಲ್ಲಿಗಿ ಬಂದಿದ್ದೆ. ಮಳಿ ಹಿಡೀತು. ಆ ಕಲ್ಲಿನ ಕೆಳಗ ಕುಂತೆ, ಅಲ್ಲೇ ಬ್ಯಾನಿ ಬಂತು. ಯಾರಿಗಿ ಕರೀಲಿ, ಈ ಸಪ್ಪಳದಾಗ? ನೀ ಹುಟ್ಟೀದಿ. ಮ್ವಾಡ ಕವದು ಕತ್ತಲಾಗಿತ್ತು. ನೀ ಅಳೋದು ಕೇಳಸ್ಲಿಲ್ಲ. ಬೆನ್ನಿಗಿ ಬಡದೆ. ನನ್ನ ಕೈನೇ ನಡಗಾಕತ್ತಿದ್ವು, ನೀ ಅಲುಗೀದ್ಯೋ ನಾನೋ ತಿಳೀಲಿಲ್ಲ. ನಿನ್ನ ಎದಿಗಿ ಕಿವಿ ಇಟ್ಟೆ, ಅಲ್ಲೂ ಧಬಧಬಿನೇ. ಸತ್ತದ ಅಂದ್ಕೊಂಡೆ."

ನಾನು ಒದ್ದೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದೆ.

"ಸೆರಗಿನಾಗ ಸುತ್ತಿ ಎದಿಗಿ ಅವಚಿಕೊಂಡು ಕುಂತೆ. ಬಿಡಾಕ ಮನಸಾಗ್ಲಿಲ್ಲ. ಎಷ್ಟೊತ್ತಾಯ್ತೋ, ನಿನ್ನ ಬಾಯಿ ಮೊಲಿಗಿ ಹತ್ತಿತು. ಹಿಡದು ಚೀಪಿದಿ ನೋಡು! ಬದಕಿದ ಕೂಸಿಗಿ ಸತ್ತದ ಅಂದಾಕಿ ನಾನು. ಅದನ್ನ ನಿನ್ನ ಮುಂದ ಯಾವ ಬಾಯಿಲೆ ಹೇಳ್ಲಿ, ಸುಸೀ?"

ಕೂಸು ಹೊರಬಂದ ಮೇಲೆ, ಅದು ಅಳುವುದಕ್ಕೆ ಮೊದಲು, ಹೆರಿಗೆಕೋಣೆಯಲ್ಲಿ ಒಂದು ಮೌನವಿರುತ್ತದೆ. ಅದು ಎಷ್ಟು ಉದ್ದವೆಂದು ನನಗೆ ಗೊತ್ತು. ಪ್ರತಿ ಸಲವೂ ನಾನು ಉಸಿರು ಬಿಗಿಹಿಡಿದವಳು, ಒಮ್ಮೆಯೂ ಅದಕ್ಕೆ ಒಗ್ಗಿಕೊಳ್ಳಲಿಲ್ಲ. ನನ್ನವ್ವ ಆ ಮೌನದಲ್ಲಿ, ಜಗತ್ತಿನ ಅಷ್ಟು ದೊಡ್ಡ ಸದ್ದಿನ ನಡುವೆ, ಒಬ್ಬಳೇ ಕೂತಿದ್ದಳು. ಸತ್ತದ್ದೆಂದು ತಿಳಿದ ನಾಲ್ಕನೆಯ ಹೆಣ್ಣನ್ನು ಕೆಳಗಿಡದೆ ಕೂತಿದ್ದಳು. ಕೆಸರಲ್ಲೇ ಕೂತು, ಆಕೆಯ ತೊಡೆಗೆ ತಲೆಯಿಟ್ಟು, ಅರವತ್ತರ ಹೆಂಗಸೆಂಬ ಹಂಗಿಲ್ಲದೆ, ಬಾಯಿ ತೆರೆದು ಗೊಳೋ ಎಂದು ಅತ್ತೆ.

ಅವ್ವ ಸಮಾಧಾನ ಮಾಡಲಿಲ್ಲ. ಒದ್ದೆ ಕೈಯನ್ನು ನನ್ನ ಬೆನ್ನ ಮೇಲಿಟ್ಟು, ಕತ್ತು ಬಗ್ಗಿಸಿ ಕಿವಿಗೊಟ್ಟಳು.

"ಅಳು, ಅಳು," ಎಂದಳು. "ಇವತ್ತ ಕೇಳಸಾಕತ್ತದ."