ಒರೆಸಿಕೊಂಡ ಬೆರಳು

ತೊಂಬತ್ತರ ದಶಕದಲ್ಲಿ ನಾನು ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರಿಗೆ ಗೈಡಾಗಿದ್ದೆ. ಒಂದು ಬೆಳಿಗ್ಗೆ ಜಪಾನಿನ ದಂಪತಿಯನ್ನು ಕರಿಘಟ್ಟ ಬೆಟ್ಟದ ಗುಡಿಗೆ ಕರೆದೊಯ್ದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿದ್ದ ಒಬ್ಬಾಕೆ ಅಲ್ಲಿ ಮೆಟ್ಟಿಲ ಬಳಿ ಹೂ ಮಾರುತ್ತಿದ್ದಳು.

"ಮುಡ್ಕಳವ್ವ, ದೂರದಿಂದ ಬಂದಿದ್ದೀಯ," ಎಂದು ಜಪಾನಿ ಹೆಂಗಸಿನ ಕೈಗೆ ಒಂದು ಮೊಳ ಮಲ್ಲಿಗೆ ಇಟ್ಟಳು.

ಆ ಗಡಸು ದನಿ ಕೇಳಿ, ಗಂಡ ಯಾರಿವರೆಂದು ನನ್ನನ್ನು ವಿಚಾರಿಸಿದ. ಹೇಳಿದೆ. ಅವನು ಹೆಂಡತಿಯ ಕೈಯಿಂದ ಹೂವನ್ನು ಎರಡೇ ಬೆರಳಲ್ಲಿ ಎತ್ತಿ ಕಲ್ಲಿನ ಮೇಲಿಟ್ಟು, ಕರವಸ್ತ್ರದಿಂದ ಬೆರಳು ಒರೆಸಿಕೊಂಡ. ಆಮೇಲೆ ಹೂ ಮಾರುವವಳಿಗೆ ಸೊಂಟ ಬಾಗಿಸಿ ವಂದಿಸಿದ. ಹೆಂಡತಿ ನೆಲ ನೋಡುತ್ತಾ ನಿಂತಳು.

"ನಮ್ಮಲ್ಲೂ ಇಂಥವರಿದ್ದಾರೆ," ಎಂದ ಇಂಗ್ಲಿಷಿನಲ್ಲಿ. "ಟಿವಿಯಲ್ಲಿ ಬಂದರೆ ಮನೆಮಂದಿಯೆಲ್ಲ ನಗುತ್ತೇವೆ. ಪಕ್ಕದ ಮನೆಗೆ ಬಂದರೆ ಮಾತಾಡಿಸುವುದಿಲ್ಲ."

ಅವನ ಆ ನಯ ವಿನಯ ಕಂಡು ನನಗೆ ಹೇಸಿಗೆಯಾಯಿತು.

"ಏನಂತಣ್ಣ ಆವಯ್ಯ?" ಎಂದಳು ಆಕೆ.

"ಮಲ್ಲಿಗೆ ವಾಸ್ನೆ ಆಗಕಿಲ್ವಂತೆ ಕಣವ್ವ."

"ಸುಳ್ಳ್ಯಾಕೇಳೀಯೆ ಬುಡಣ್ಣ. ದಿನಾ ಇಲ್ಲಿಗೆ ಬತ್ತೀಯ, ನೀನು ಒಂದಿನಾನಾರ ನನ್ತಾವ ಹೂ ತಕಂಡಿದ್ದೀಯಾ?"

ನಿಜಕ್ಕೂ ತೆಗೆದುಕೊಂಡಿರಲಿಲ್ಲ. ದೇವರಿಗೆಂದು ಯಾವಾಗಲೂ ಮೆಟ್ಟಿಲ ಆಚೆ ಬದಿಯಲ್ಲಿ ಹೂ ಮಾರುವ ಮುದುಕಿಯ ಹತ್ತಿರವೇ ಕೊಳ್ಳುತ್ತಿದ್ದೆ. ಏಕೆಂದು ನನ್ನನ್ನು ನಾನು ಕೇಳಿಕೊಂಡಿರಲೂ ಇಲ್ಲ. ಅವನ ಮೇಲೆ ಹುಟ್ಟಿದ್ದ ಹೇಸಿಗೆ ನನ್ನ ಮೇಲೆ ತಿರುಗಿ, ಬೆಟ್ಟ ಹತ್ತುವಷ್ಟು ಹೊತ್ತೂ ಜೊತೆಗೇ ಬಂತು.