ಕದ್ದ ಕೋಫಿಲಿನ್ನಿಗೆ ಬೋರೆ ಮಾರಮ್ಮ ಕೊಟ್ಟ ತೀರ್ಪು

ತಾಯಿ ಬೋರೆ ಮಾರಮ್ಮನ ಒಕ್ಕಲಿನವರೆಲ್ಲರಿಗೂ ಅರಕೆರೆಯ ಶೋಭಾ ಮಾಡುವ ನಮಸ್ಕಾರ. ಹೋದ ವರ್ಷ ದಸರಾಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ನನ್ನನ್ನು ಸುಳ್ಳಿ ಎಂದು ಹಣೆಪಟ್ಟಿ ಕಟ್ಟಿ ಕೆಲಸದಿಂದ ಆಚೆ ಹಾಕಿದರು. ಹಾಗೆ ಮಾಡಿಸಿದವನಿಗೆ ತಾಯಿ ಏನು ಮಾಡಿದಳು ಎಂಬುದನ್ನು ಒಂದಕ್ಷರವೂ ಬಿಡದೆ ಹೇಳುತ್ತೇನೆ, ಕೇಳಿ.

ಪಾಂಡವಪುರ ರೈಲ್ವೆ ಸ್ಟೇಷನ್ನಿನಿಂದಾಚೆ ಒಂದು ಸಣ್ಣ ಕಂಪನಿ. ಸಂಶೋಧನೆ ಮಾಡುವವರಿಗೆ ಬೇಕಾದ ಪ್ರೋಟೀನುಗಳನ್ನು ತಯಾರಿಸಿ ಮಾರುತ್ತಾರೆ. ಎಂಎಸ್ಸಿ ಮುಗಿಸಿ ಸೇರಿದ ನನ್ನ ಪಾಲಿಗೆ ಬಂದದ್ದು ಕೋಫಿಲಿನ್. ನಮ್ಮ ಮೈಯ ಜೀವಕೋಶಗಳ ಒಳಗೆ ಆಕ್ಟಿನ್ ಎಂಬ ಎಳೆಗಳ ಹಂದರವಿರುತ್ತದೆ. ಹಳೆಯ ಎಳೆಗಳನ್ನು ಕತ್ತರಿಸಿ ಹೊಸವಕ್ಕೆ ದಾರಿ ಮಾಡುವುದು ಈ ಕೋಫಿಲಿನ್. ಅದನ್ನು ಮಾಡಿಸುವ ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಲಿ ಪ್ರೋಟೀನು ಮಾಡಿಸಿ, ಶುದ್ಧ ಮಾಡಿ ಕೊಡಬೇಕು. ಹೇಳಲು ಸುಲಭ. ಮಾಡಿದ್ದೆಲ್ಲ ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತಿತ್ತು. ತಿಂಗಳುಗಟ್ಟಲೆ ಏಗಿದೆ. ಕೊನೆಗೆ ಬ್ಯಾಕ್ಟೀರಿಯಾವನ್ನು ತಂಪಿನಲ್ಲಿ ನಿಧಾನವಾಗಿ ಬೆಳೆಸಿದಾಗ ಹದ ಸಿಕ್ಕಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಳೆಯುವ ಆಕ್ಟಿನ್ ಎಳೆಗಳು ಕಣ್ಣೆದುರೇ ತುಂಡುತುಂಡು! ಖುಷಿಗೆ ಅತ್ತುಬಿಟ್ಟೆ.

ನಮ್ಮ ಮ್ಯಾನೇಜರು ರಮೇಶ, ಕೆ.ಆರ್. ಪೇಟೆ ತಾಲ್ಲೂಕು ಸಂತೆಬಾಚಹಳ್ಳಿ ಕಡೆಯವನು. ನಾನು ತಂಗಿಯ ನಿಶ್ಚಿತಾರ್ಥಕ್ಕೆ ನಾಗಮಂಗಲಕ್ಕೆ ಹೋಗಿದ್ದಾಗ ಆ ಪುಣ್ಯಾತ್ಮ ನನ್ನ ಟ್ಯೂಬುಗಳನ್ನೆಲ್ಲ ತನ್ನ ಡಬ್ಬಿಗೆ ಸೇರಿಸಿಕೊಂಡು, ನನ್ನ ಡಬ್ಬಿಯಲ್ಲಿ ಹಳೆಯ ಕೆಟ್ಟ ಮಾಲು ಇಟ್ಟಿದ್ದಾನೆ. ಬಂದ ದಿನವೇ ಮಾಲೀಕರು ಎಲ್ಲರನ್ನೂ ಕೂರಿಸಿ ಪರೀಕ್ಷೆ ಮಾಡಿಸಿದರು. ನನ್ನದು ಎಂದು ತಂದದ್ದು ಒಂದು ಎಳೆಯನ್ನೂ ಕತ್ತರಿಸಲಿಲ್ಲ.

“ಈಯಮ್ಮ ತೋರ್ಸಿದ್ದೆಲ್ಲ ಸುಳ್ಳು ಸಾರ್. ಅದಕ್ಕೇ ನಾನೇ ಮೊದ್ಲಿಂದ ಮಾಡ್ದೆ. ಇದು ನೋಡಿ, ಎಂಗೆ ಕತ್ತರಿಸ್ತದೆ,” ಎಂದ ರಮೇಶ.

ಕತ್ತರಿಸದೆ ಇನ್ನೇನು? ನನ್ನದಲ್ಲವೇ ಅದು! ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ಯಾಕಿಂಗ್ ಮಾಡುವ ಲತಾ ಗೇಟಿನ ತನಕ ಬಂದು ಪಿಸುಗುಟ್ಟಿದಳು: “ಅಕ್ಕಾ, ನಿಮ್ ಟ್ಯೂಬಿನ್ ಮ್ಯಾಲಿನ ಚೀಟಿ ಕಿತ್ತು ಅವ್ನು ಬ್ಯಾರೆ ಅಂಟಿಸ್ತಿದ್ದ, ನಾನೇ ನೋಡ್ದೆ. ನನ್ ಎಸರು ಮಾತ್ರ ಏಳ್ಬ್ಯಾಡಿ, ನಂಗೂ ಸಂಸಾರ ಅದೆ.”

ಮೈಸೂರಿನಲ್ಲಿ ಬೇರೆ ಕೆಲಸಕ್ಕೆ ಹೋದೆ. ಅವರು ಹಳೆಯ ಕಂಪನಿಗೆ ಫೋನು ಮಾಡಿ ವಿಚಾರಿಸಿ, ಬೇಡ ಎಂದರು. ಇನ್ನು ಯಾವ ಲ್ಯಾಬಿನ ಬಾಗಿಲೂ ನನಗೆ ತೆರೆಯುವುದಿಲ್ಲ ಎಂದು ಖಾತ್ರಿಯಾಯಿತು. ಊರಿನಲ್ಲಿ ಆಗಲೇ “ಅದೇನೋ ಕದ್ದ್‌ಬುಟ್ಟವಳಂತೆ” ಎಂದು ಗುಸುಗುಸು. ಕದ್ದವನು ಅಲ್ಲಿ ಮೀಸೆ ತಿರುವುತ್ತಿದ್ದಾನೆ, ಕದ್ದವಳೆಂಬ ಹೆಸರು ನನಗೆ. 

“ಅತ್ರೆ ಏನ್ ಬಂತವ್ವ? ಎದ್ದೋಗಿ ಅಮ್ಮನ್ ತಾವ ದೂರು ಕೊಡು,” ಎಂದಳು ನಮ್ಮವ್ವ.

ನಾಲೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಗುಡಿಯಿರುವ ಬೋರೆ ದಿಬ್ಬ ಹತ್ತಿದೆ. ತಾಯಿಯ ಎದುರು ಮೂರು ಬೊಗಸೆ ಮಣ್ಣು ತೂರಿ ಬಾಯಿಬಿಟ್ಟು ಕೇಳಿದೆ: “ನನ್ನ ಟ್ಯೂಬು ಮುಟ್ಟಿದ ಕೈ ಸೇದಿಹೋಗಲಿ. ಯಾರ ಮುಂದೆ ನನ್ನ ಮಾನ ತೆಗೆದನೋ ಅವರ ಮುಂದೆಯೇ ಅವನ ಮಾನ ಹೋಗಲಿ.” ಭಕ್ತರಾದವರು ಇಂಥದ್ದನ್ನೆಲ್ಲ ಬೇಡಬಾರದು ಎನ್ನುವವರು ಒಂದು ದಿನ ನನ್ನ ಜಾಗದಲ್ಲಿ ನಿಲ್ಲಲಿ, ಆಮೇಲೆ ಮಾತಾಡೋಣ.

ಆಯುಧಪೂಜೆ ಬಂತು. ಮುಂದಿನದ್ದೆಲ್ಲ ಲತಾ ಫೋನಿನಲ್ಲಿ ಹೇಳಿದ್ದು. ಹಬ್ಬದ ದಿನ ಯಂತ್ರಗಳಿಂದ ಕೆಲಸ ಮಾಡಿಸಬಾರದಲ್ಲ, ಟ್ರಾಕ್ಟರು ನಿಲ್ಲಿಸಿ ತೊಳೆದ ಹಾಗೆ ರಮೇಶ ಪ್ರೋಟೀನು ಇಡುವ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನ ಪ್ಲಗ್ ಕಿತ್ತು, ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದ್ದಾನೆ. ಮಂಗಳಾರತಿ ಹೊತ್ತಿಗೆ ಅದು ಪೀಂ ಪೀಂ ಎಂದು ಅರಚಿಕೊಂಡಿತಂತೆ. ಆ ಅಲಾರಮ್ಮಿನ ಸ್ವಿಚ್ಚನ್ನೂ ಅಮುಕಿ ಆರಿಸಿದನಂತೆ! ಕುಂಬಳಕಾಯಿ ಒಡೆದು, ಪುರಿ ಹಂಚಿ, ಪ್ಲಗ್ ಹಾಕುವುದನ್ನೇ ಮರೆತು ಬೀಗ ಜಡಿದು ಊರಿಗೆ ಹೋದ. ವಿಜಯದಶಮಿ, ಅದರ ಹಿಂದೆಯೇ ಭಾನುವಾರ. ಬಂದು ನೋಡಿದರೆ ಫ್ರೀಜರಿನಿಂದ ನೀರು ಸೋರುತ್ತಿತ್ತು, ಒಳಗಿದ್ದ ಕೋಫಿಲಿನ್ನೆಲ್ಲ ಕೆಟ್ಟುಹೋಗಿತ್ತು. ನಾನು ಆ ಕೈ ಸೇದಿಹೋಗಲಿ ಎಂದಿದ್ದೆ. ತಾಯಿ ಕೈಯನ್ನು ಗಟ್ಟಿಯಾಗಿಯೇ ಇಟ್ಟು, ಅದರಿಂದಲೇ ಪ್ಲಗ್ ಕೀಳಿಸಿದ್ದಳು.

ನಿಜವಾದ ಏಟು ಬಿದ್ದದ್ದು ಆಮೇಲೆ. ಜೀನು ಇದ್ದ ಡಿಎನ್‌ಎ ಮಾಮೂಲಿ ಫ್ರಿಜ್ಜಿನಲ್ಲಿ ಉಳಿದಿತ್ತು. ಮಾಲೀಕರು ಸಮಾಧಾನವಾಗಿಯೇ, “ನೀನೇ ಮಾಡಿದ್ದಲ್ವಾ ರಮೇಶ, ಇನ್ನೊಂದು ಸಲ ಮಾಡು,” ಎಂದರಂತೆ. ಮಾಡಿದ. ಗಂಟು. ಮತ್ತೆ ಮಾಡಿದ. ಮತ್ತೂ ಗಂಟು. ತಂಪಿನ ಗುಟ್ಟು ಅವನಿಗೆಲ್ಲಿ ಗೊತ್ತು? ಮೊದಲು ಹೇಗೆ ಬಂತು ಎಂದು ಎಲ್ಲರ ಎದುರು ಕೇಳಿದರೆ ಒಂದು ಸಲ ನೀರು ಸರಿಯಿಲ್ಲ ಎಂದನಂತೆ, ಇನ್ನೊಂದು ಸಲ ಕರೆಂಟು ಸರಿಯಿಲ್ಲ ಎಂದನಂತೆ. ಲತಾ ಇದನ್ನು ಹೇಳುವಾಗ ನಾನು ಫೋನು ಕಿವಿಗಿಟ್ಟುಕೊಂಡೇ ಅಡುಗೆಮನೆಯಲ್ಲಿ ಕುಣಿದೆ.

ಮಾಲೀಕರೇ ಫೋನು ಮಾಡಿದರು. “ಬರುತ್ತೇನೆ ಸಾರ್. ಆದರೆ ಕದ್ದದ್ದನ್ನು ಅವನೇ ಬಾಯಿಬಿಟ್ಟು ಹೇಳಬೇಕು,” ಎಂದೆ. ಅದೇ ಕೋಣೆ, ಅದೇ ಕುರ್ಚಿಗಳು. ನೆಲ ನೋಡುತ್ತಾ ಹೇಳಿದ. “ಕೇಳಿಸ್ಲಿಲ್ಲ,” ಎಂದೆ. ಇನ್ನೊಮ್ಮೆ ಹೇಳಿದ. ಅವತ್ತೇ ಅವನ ಮ್ಯಾನೇಜರ್‌ಗಿರಿ ಹೋಯಿತು. ನಾನು ತಂಪಿನಲ್ಲಿ ನಿಧಾನವಾಗಿ ಮತ್ತೆ ಬೆಳೆಸಿದೆ. ಎಳೆಗಳು ಮೊದಲಿನಂತೆಯೇ ತುಂಡಾದವು. ಈಗ ಹೊರದೇಶಕ್ಕೂ ನನ್ನ ಕೋಫಿಲಿನ್ ಹೋಗುತ್ತದೆ.

ಒಂದು ಮಂಗಳವಾರ ತಾಯಿಗೆ ಮಡಿಲಕ್ಕಿ ತುಂಬಲು ಹೋದರೆ ಗುಡಿಯ ಮುಂದೆ ರಮೇಶನೂ ಅವನ ವಯಸ್ಸಾದ ತಾಯಿಯೂ ನಿಂತಿದ್ದರು. ನಾನು ಮಣ್ಣು ತೂರಿದ ಸುದ್ದಿ ಕಿವಿಗೆ ಬಿದ್ದು ಮೂರು ಬಸ್ಸು ಬದಲಾಯಿಸಿ ಬಂದಿದ್ದರು.

“ನನ್ ಮಗ ಅನ್ನ ಉಣ್ಣಾಕಿಲ್ಲ, ನಿದ್ದೆ ಮಾಡಾಕಿಲ್ಲ ಕಣವ್ವ. ಆ ದೂರ ಒಂದ್ ಎತ್ಕೊಬುಡು, ನಿನ್ ದಮ್ಮಯ್ಯ,” ಎಂದಿತು ಆ ಜೀವ.

ಆಯಮ್ಮನ ಕೈ ಹಿಡಿದುಕೊಂಡೆ. ನೆರಳಿನಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟೆ. ನಮ್ಮಲ್ಲಿ ದೂರು ವಾಪಸು ಎತ್ತಿಕೊಳ್ಳಬೇಕಾದರೆ ಕೊಟ್ಟವರೂ ತಪ್ಪು ಮಾಡಿದವರೂ ಒಟ್ಟಿಗೆ ನಿಂತು ಅಮ್ಮನ ಹತ್ತಿರ ಹೂ ಕೇಳಬೇಕು. ವಿಗ್ರಹದ ಮೇಲಿನ ಹೂವು ಬಲಗಡೆ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಇಲ್ಲ. ಅವನು ಒದ್ದೆ ಪಂಚೆಯಲ್ಲಿ ಕೈಮುಗಿದ. ನಾನೂ ಮುಗಿದೆ. ಹೂವು ಜಾರಿತು. ಎಡಗಡೆ.

“ಅಮ್ಮನ್ ಕ್ವಾಪ ಇನ್ನೂ ಇಳಿದಿಲ್ಲ ಕಣಪ್ಪ. ಮುಂದಿನ್ ಮಂಗಳವಾರ ಬಾ,” ಎಂದ ಪೂಜಾರಪ್ಪ.

ಆಮೇಲೂ ತಪ್ಪದೆ ಬರುತ್ತಿದ್ದಾನೆ. ನಾನೂ ತಪ್ಪಿಸಿಲ್ಲ. ಪ್ರತಿ ಸಲವೂ ಎಡಗಡೆಯೇ. ಕೇಳಿದ್ದನ್ನು ಕೊಡುವ ದೇವರು ಎಂದು ಚಿಕ್ಕಂದಿನಿಂದ ಕೇಳಿದ್ದೆ, ಈಗ ಕಣ್ಣಾರೆ ನೋಡುತ್ತಿದ್ದೇನೆ, ತಾಯಿ. ನಿನ್ನ ಪಾದ ಬಿಟ್ಟರೆ ನನಗೆ ಬೇರೆ ದಿಕ್ಕಿಲ್ಲ. ಎಲ್ಲರಿಗೂ ಕೇಳಿಸುವಂತೆ “ಬಲಗಡೆ ಕೊಡವ್ವ” ಎಂದು ನಾನು ಗಟ್ಟಿಯಾಗಿಯೇ ಬೇಡುತ್ತೇನೆ. ಒಳಗೊಳಗೆ ಏನು ಬೇಡುತ್ತೇನೆ ಎಂಬುದು ಅವಳೊಬ್ಬಳಿಗೇ ಗೊತ್ತು.